ಮೇವಿನ ಮಷಿನ್ನಿಗೆ ನಾವು ಬರೆದ ಸಾಲು

ನಮ್ಮ ಕಡೆ ಕರೆಂಟ್ ಹೋದರೆ ಯಾರೂ ಸ್ವಿಚ್ಚು ಆಫ್ ಮಾಡುವುದಿಲ್ಲ. ಬಲ್ಬು ತಾನಾಗಿ ಹತ್ತಿಕೊಂಡರೆ ಕರೆಂಟ್ ಬಂತೆಂದು ಗೊತ್ತಾಗಲಿ ಅಂತ ಹಾಗೇ ಬಿಡುತ್ತೇವೆ. ಈ ಅಭ್ಯಾಸವನ್ನೇ ನಾವು ಪ್ರೋಗ್ರಾಮಿನೊಳಗೂ ಬರೆದಿಟ್ಟೆವು.

ನಾವು ಅಂದರೆ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಕಡೆಯ ಏಳೆಂಟು ಜನ. ಮನೆಯ ಲೈಟು, ನೀರಿನ ಮೋಟರನ್ನೆಲ್ಲ ಮೊಬೈಲಿನಿಂದಲೇ ನಡೆಸುವ ಸಾಫ್ಟ್‌ವೇರನ್ನು ಬಿಡುವಿದ್ದಾಗ ಸೇರಿ ಬರೆಯುತ್ತಿದ್ದೆವು. ಯಾರು ಬೇಕಾದರೂ ಪುಕ್ಕಟೆ ಬಳಸಲಿ, ತಿದ್ದಲಿ ಅಂತ. ‘ಕರೆಂಟ್ ಬಂದ ಕೂಡಲೇ ಮೊದಲು ಏನು ಚಾಲೂ ಇತ್ತೋ ಅದು ಮತ್ತೆ ಚಾಲೂ ಆಗಬೇಕು’ ಎಂಬ ಸಾಲಿಗೆ ಒಬ್ಬರೂ ತಕರಾರು ತೆಗೆಯಲಿಲ್ಲ. ಜಗಳಗಂಟಿಯಾದ ನಾನೂ ತೆಗೆಯಲಿಲ್ಲ. ಎಲ್ಲರ ಮನೆಯಲ್ಲೂ ನಡೆಯುವುದೇ ಹಾಗಲ್ಲವೇ?

ಪ್ರಯೋಗಕ್ಕೆ ಸಿಕ್ಕಿದ್ದು ಹಿರಿಯೂರು ತಾಲ್ಲೂಕು ಯಲ್ಲದಕೆರೆಯ ನಮ್ಮ ಮನೆ. ಅತ್ತೆಗೆ ಅದು ಎಷ್ಟು ಹಿಡಿಸಿತೆಂದರೆ, “ಲೈಟಿಗೆಲ್ಲಾ ಹಾಕೀಯ, ನನ್ನ ಮೇವಿನ ಮಷಿನ್ನೇನು ಪಾಪ ಮಾಡೈತೆ? ಅದಕ್ಕೂ ಹಾಕವ್ವ” ಎಂದು ದುಂಬಾಲು ಬಿದ್ದರು. ಕುರಿಗಳಿಗೆ ಜೋಳದ ದಂಟು ಕತ್ತರಿಸುವ ಮಷಿನ್ನು ಅದು. ಗೋಡೆಯ ಹಳೇ ಸ್ವಿಚ್ಚು ತೆಗೆದು ಮೊಬೈಲಿನಿಂದ ನಡೆಯುವ ಸ್ವಿಚ್ಚು ಹಾಕಿಕೊಟ್ಟೆವು.

ಒಂದು ಭಾನುವಾರ ಮಧ್ಯಾಹ್ನ ಹೊಸದುರ್ಗದಲ್ಲಿ, ಗೆಳೆಯನ ಎಲೆಕ್ಟ್ರಿಕ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿದ್ದೆವು. ಅತ್ತೆ ಫೋನ್ ಮಾಡಿದರು.

“ಕರೆಂಟ್ ಹೋತು ಕಣವ್ವ. ಮಷಿನ್ನಾಗೆ ದಂಟು ಸಿಗಾಕ್ಕಂಡೈತೆ. ಹೆಂಗೂ ಕರೆಂಟಿಲ್ಲ, ಕೈ ಹಾಕಿ ಎಳ್ಕಂತೀನಿ.”

“ಹೂಂ ಅತ್ತೆ” ಅಂದುಬಿಟ್ಟೆ. ಅವರು ಫೋನಿಟ್ಟ ಮೇಲೆ ನನಗೆ ಹೊಳೆಯಿತು. ಮಷಿನ್ನು ಆಫ್ ಆಗಿರಲಿಲ್ಲ, ಕರೆಂಟಿಗೆ ಕಾಯುತ್ತಿತ್ತು ಅಷ್ಟೆ.

“ಆಫ್ ಮಾಡ್ರೀ, ಬೇಗ ಆಫ್ ಮಾಡ್ರೀ!” ಎಂದು ಕಿರುಚಿದೆ.

ಅಂಗಡಿಯ ಗೆಳೆಯ ಬಿಳಿಚಿಕೊಂಡ. “ಹೆಂಗ್ ಮಾಡಾಣ? ಕರೆಂಟಿಲ್ಲ ಅಂದ್ರೆ ಅಲ್ಲಿ ವೈಫೈನೂ ಇಲ್ಲ, ನಾವು ಒತ್ತಿದ್ದು ಮುಟ್ಟಲ್ಲ. ಕರೆಂಟ್ ಬಂದ್ರೆ ವೈಫೈ ಬರೋಕಿಂತ ಮೊದ್ಲು ಮಷಿನ್ನೇ ತಿರುಗೋದು.”

ಅತ್ತೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎರಡು ಕೈಯೂ ಮಷಿನ್ನಿನ ಬಾಯಲ್ಲಿದ್ದರೆ ಎತ್ತುವುದು ಹೇಗೆ? ಪಕ್ಕದ ಮನೆಯವರಿಗೆ ಮಾಡಿದರೆ, ಅವರು ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದರು. ನಾನು ಮತ್ತೆ ಮತ್ತೆ ತಪ್ಪು ನಂಬರ್ ಒತ್ತುತ್ತಿದ್ದುದನ್ನು ನೋಡಿ ನಮ್ಮ ಗುಂಪಿನ ಹೊಳಲ್ಕೆರೆಯ ಹುಡುಗಿ ಫೋನ್ ಕಿತ್ತುಕೊಂಡು ತಾನೇ ಅತ್ತೆಯ ನಂಬರ್ ಒತ್ತಿ ನನ್ನ ಕಿವಿಗೆ ಹಿಡಿದಳು. ದೇವರೇ, ಕರೆಂಟ್ ಬಾರದಿರಲಪ್ಪಾ ಎಂದು ಬೇಡಿಕೊಂಡೆ. ಹಿರಿಯೂರು ತಾಲ್ಲೂಕಿಗೆ ಕರೆಂಟ್ ಬೇಡವೆಂದು ಬೇಡಿದವಳು ನಾನೊಬ್ಬಳೇ ಇರಬೇಕು.

ಕೊನೆಗೂ ಎತ್ತಿದರು. “ಏನವ್ವಾ ನಿಂದು ಗೋಳು? ಒಂದೇ ಸಮ ಬಡ್ಕಂತೈತೆ! ಕೆಲಸ ಬಿಟ್ಟು ಎದ್ದು ಬಂದೀನಿ, ಅದೇನು ಬೇಗ ಹೇಳು…”

ಅವರ ಮಾತಿನ ಹಿಂದೆ ಗರ್ರೆಂದು ಮಷಿನ್ನು ತಿರುಗಿತು.

ಆ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಅತ್ತೆ ತೀರಾ ಸಣ್ಣ ದನಿಯಲ್ಲಿ, “ಇಲ್ಲಿ ಯಾರೂ ಇಲ್ಲ ಕಣವ್ವ. ಯಾರು ಹಾಕಿದ್ರು?” ಎಂದರು.

“ನಾವೇ ಅತ್ತೆ” ಎಂದೆ.

ಆ ಸಾಲನ್ನು ಅಲ್ಲೇ ಕೂತು ಅಳಿಸಿದೆವು. ಮಷಿನ್ನಿಗೀಗ ಬರೀ ಗೋಡೆಯ ಪ್ಲಗ್ಗು. ಆದರೂ ದಂಟು ಸಿಕ್ಕಿಕೊಂಡಾಗಲೆಲ್ಲ ಅತ್ತೆ ನನಗೆ ಫೋನ್ ಮಾಡುತ್ತಾರೆ.

“ಪ್ಲಗ್ ಕಿತ್ತು ಮಡ್ಲಾಗಿಟ್ಕಂಡೀನಿ. ಕೈ ಹಾಕ್ಲೇನವ್ವ?”

ಏನೂ ಆಗುವುದಿಲ್ಲ ಎಂದು ಗೊತ್ತು. ಆದರೂ ‘ಹೂಂ’ ಅನ್ನುವುದಿಲ್ಲ.

“ತಡೀರಿ ಅತ್ತೆ” ಅನ್ನುತ್ತೇನೆ. “ಪ್ಲಗ್ ಮಡ್ಲಾಗೇ ಐತಾ, ಇನ್ನೊಂದ್ಸಲ ಮುಟ್ಟಿ ನೋಡ್ರಿ.”