ಕಮಾನಿನ ಕಲ್ಲು ಬಿದ್ದ ಮೇಲೆ

ಪಾಂಡವಪುರದ ಕಡೆ ನಮ್ಮೂರಿಗೂ ಪೇಟೆಗೂ ನಡುವೆ ರೈಲು ಹಳಿ ಹಾದುಹೋಗುತ್ತದೆ. ಹಳಿಯ ಕೆಳಗೊಂದು ಹಳೆಯ ಕಲ್ಲಿನ ಕಮಾನು. ಪೇಟೆಗೆ ಹೋಗುವವರೆಲ್ಲ ಅದರಡಿಯಲ್ಲೇ ಹೋಗಬೇಕು. ನಾನು ಈ ಊರಿಗೆ ಸೊಸೆಯಾಗಿ ಬಂದಾಗಲೇ ಅದರ ಗಾರೆ ಉದುರಿ, ಕಲ್ಲಿನ ಸಂದಿಯಲ್ಲಿ ಅರಳಿ ಗಿಡ ಬೇರುಬಿಟ್ಟಿತ್ತು.

ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ನಾನೂ ನಮ್ಮತ್ತೆಯೂ ವಾಪಸು ಬರುತ್ತಿದ್ದೆವು. ಕಮಾನಿನಡಿ ಬರುವಾಗ ಮೇಲೆ ರೈಲು ಹೋಯಿತು. ಸದ್ದು ಅಡಗುವ ಮೊದಲೇ ಅತ್ತೆ ಕುಸಿದು ಕೂತರು. ತೆಂಗಿನಕಾಯಿ ಗಾತ್ರದ ಕಲ್ಲೊಂದು ಕಳಚಿ ಅವರ ಬಲಭುಜದ ಮೇಲೆ ಬಿದ್ದಿತ್ತು. ನಾನು ಹಾಲಿನ ಕ್ಯಾನು ಬಿಸಾಕಿ ಅವರನ್ನು ಹಿಡಿದುಕೊಂಡೆ. ಅವರೇ, "ತಲೆ ಮ್ಯಾಲೆ ಬಿದ್ದಿದ್ರೆ ಇವತ್ತೇ ನನ್ನ ಎತ್ಬುಡ್ತಿದ್ರಿ ಕಣವ್ವ" ಅಂದರು.

ಭುಜದ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ, ನಾನು ಪುರಸಭೆಗೆ ಹೋದೆ. "ಕೆಳಗಿನ ರಸ್ತೆ ಮಾತ್ರ ನಮ್ದು ಕಣಮ್ಮ, ಸೇತುವೆ ರೈಲ್ವೆಯವ್ರದು" ಅಂದರು. ರೈಲ್ವೆಯವರಿಗೆ ಫೋನು ಮಾಡಿದರೆ, ಕಬ್ಬಿನ ಲಾರಿ ತಾಗಿ ಕಲ್ಲು ಸಡಿಲಾಗಿದೆ, ಲಾರಿ ತಡೆಯುವುದು ಊರಿನವರ ಕೆಲಸ ಎಂದರು.

ಇದನ್ನು ಕೇಳಿದ ಅತ್ತೆ, ಮಾರನೆಯ ದಿನ ಹಾಲು ಹಾಕುವ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಕಮಾನಿನ ಮುಂದೆ ರಸ್ತೆಯಲ್ಲೇ ಕೂತುಬಿಟ್ಟರು. ಕಬ್ಬು ತುಂಬಿದ ಟ್ರಾಕ್ಟರು ಬಂದು ನಿಂತಿತು.

"ದಾರಿ ಬುಡ್ರವ್ವ, ಒತ್ತಾಯ್ತದೆ" ಎಂದು ಡ್ರೈವರು ಕೂಗಿದ.

"ನೀನೂ ಇಳ್ದು ಕೂತ್ಕಳ್ಲಾ. ನಿನ್ ತಲೆ ಏನು ಕಬ್ಬಿಣದ್ದಾ?" ಅಂದರು ಅತ್ತೆ. ಅವನು ನಗುತ್ತಾ ಇಳಿದ. ಹಿಂದೆ ಗಾಡಿಗಳು ಸಾಲುಗಟ್ಟಿದವು.

ಮಧ್ಯಾಹ್ನದ ಹೊತ್ತಿಗೆ ರೈಲ್ವೆ ಎಂಜಿನಿಯರೊಬ್ಬರು ಜೀಪಿನಲ್ಲಿ ಬಂದರು. ಇಳಿದವರೇ ಮತ್ತೆ ಲಾರಿಯ ಮಾತೆತ್ತಿದರು. ಅತ್ತೆ ಎದ್ದು ಕಮಾನಿನಡಿಗೆ ನಡೆದರು.

"ಬನ್ನಿ ಸ್ವಾಮಿ. ಒಂದು ರೈಲು ಓಗೋಗಂಟ ನನ್ ಜೊತೇಲಿ ನಿಂತ್ಕಳಿ, ಸಾಕು."

ಆತ ಮೇಲೆ ನೋಡಿದರು, ಅತ್ತೆಯ ಕಟ್ಟಿದ ಕೈ ನೋಡಿದರು, ಹೋಗಿ ನಿಂತರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಮತ್ತೊಂದು ಕಲ್ಲು ಬಿದ್ದರೆ ಏನು ಗತಿ? ಬನ್ನಿ ಈಚೆಗೆ ಎಂದು ನಾನು ಕೂಗುತ್ತಿದ್ದಂತೆಯೇ ರೈಲು ಬಂತು. ಗಾರೆಯ ಪುಡಿ ಅವರಿಬ್ಬರ ತಲೆ ಮೇಲೂ ಉದುರಿತು.

ಆತ ಹೊರಗೆ ಬಂದು ಕೂದಲು ಕೊಡವಿಕೊಂಡರು. "ಲಾರಿ ತಾಗಿರಬಹುದು. ಆದರೂ ಸೇತುವೆ ನಮ್ಮದೇ ಅಮ್ಮ. ನೋಡಿಕೊಳ್ಳಬೇಕಾದವರೂ ನಾವೇ" ಅಂದರು.

ಅಂದು ಸಂಜೆಯೇ ದಾರಿ ಮುಚ್ಚಿದರು. ದುರಸ್ತಿ ಮುಗಿಯುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಅಷ್ಟೂ ದಿನ ದೂರದ ರೈಲ್ವೆ ಗೇಟು ಬಳಸಿ ಹೋಗಬೇಕಾಯಿತು. ಅಂದು ಜೊತೆಯಲ್ಲಿ ಕೂತಿದ್ದ ಹೆಂಗಸರೇ, "ನಿಮ್ಮತ್ತೆಯಿಂದ ನಮ್ ಕಾಲು ಸವ್ದೋದ್ವು" ಎಂದು ನನ್ನನ್ನು ಬೈದರು. ಈಗ ಕಮಾನಿನೊಳಗೆ ಕಬ್ಬಿಣದ ಪಟ್ಟಿಗಳಿವೆ. ಎತ್ತರದ ಲಾರಿ ನುಗ್ಗದಂತೆ ಎರಡೂ ಕಡೆ ಅಡ್ಡಕಂಬಿ ಹಾಕಿದ್ದಾರೆ.

ಅತ್ತೆಯ ಬಲಗೈ ಮಾತ್ರ ಇನ್ನೂ ಮೇಲೇಳುವುದಿಲ್ಲ. ದಿನಾ ಬೆಳಿಗ್ಗೆ ಅವರ ತಲೆ ನಾನೇ ಬಾಚುತ್ತೇನೆ. "ಬಿರ್ರನೆ ಗಂಟಾಕವ್ವ, ಡೇರಿ ಬಾಗ್ಲು ಆಕ್ಬುಡ್ತಾರೆ" ಎಂದು ಅವಸರ ಮಾಡುತ್ತಾರೆ.