ಹೊಸ ಊರಿನ ಬಾವಿ

ಲಿಂಗಸುಗೂರಿನಿಂದ ಸಿಂಧನೂರಿಗೆ ಕೆಲಸದ ಮೇಲೆ ಹೊರಟಿದ್ದೆ. ಹೊತ್ತು ಹೋಗಲೆಂದು ಬಸ್ಸಿನಲ್ಲಿ ಮೊಬೈಲ್ ತೆಗೆದು ಜಪಾನಿ ಅನಿಮೆ ಹಚ್ಚಿದೆ. ಮಸ್ಕಿಯಲ್ಲಿ ಹತ್ತಿದವರೊಬ್ಬರು ಪಕ್ಕದಲ್ಲಿ ಕೂತರು. ಭತ್ತದ ಗದ್ದೆ ಕೂಲಿಗೆ ಹೊರಟವರು.

“ಏನ್ರೀ ಸರ ಇದು?”

“ಕಾರ್ಟೂನ್ ರೀ. ಲೋಕೆಲ್ಲ ಹಾಳಾಗೇತಿ. ಉಳಿದ ಮಂದಿ ವಿಜ್ಞಾನ ಹಿಡಕೊಂಡು ಮತ್ತ ಊರು ಕಟ್ಟಾಕತ್ತಾರ.”

ಪರದೆಯ ಮೇಲೆ ಬಾವಿ ತೋಡುತ್ತಿದ್ದರು. ಪಕ್ಕದವರು ಬಗ್ಗಿ ನೋಡಿದರು.

“ಆ ನೀರು ಕುಡಿಯಾಕ ಬರತೈತೇನ್ರೀ?”

ಉಸುಕು, ಇದ್ದಿಲು ಹಾಕಿ ನೀರು ಸೋಸುವ ಕ್ರಮವನ್ನೆಲ್ಲ ನಾನು ಹುರುಪಿನಿಂದ ವಿವರಿಸಿದೆ. ಮುಗಿಯುವ ತನಕ ಕೇಳಿದರು.

“ಅದಲ್ರೀ. ತೋಡಿದವರಿಗೆ ಸೇದಾಕ ಬಿಡ್ತಾರೇನು ಅಂತ ಕೇಳಿದೆ. ನಮ್ಮೂರ ಬಾವಿ ತೋಡಿದಾಂವ ನಮ್ಮಪ್ಪ. ನೀರು ಬಿದ್ದ ಮ್ಯಾಲ ನಮಗ ಹಗ್ಗ ಮುಟ್ಟಗೊಡಲಿಲ್ಲ.”

ನನ್ನ ನೀರಿನ ಬಾಟಲಿಯನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ಮುಟ್ಟಲಿಲ್ಲ. ಸೀಟಿನಲ್ಲೇ ಬಗ್ಗಿ ಬೊಗಸೆ ಒಡ್ಡಿದರು.

“ಬಾಟ್ಲಿನೇ ತಗೋರಿ,” ಅಂದೆ. ಬೊಗಸೆ ಹಾಗೇ ಇತ್ತು. ಕೊನೆಗೆ ಮೇಲಿನಿಂದ ಸುರಿದೆ, ಒಂದು ಹನಿಯೂ ಚೆಲ್ಲದ ಹಾಗೆ. ಆ ಕೈಚಳಕ ನನಗೆ ಯಾರೂ ಕಲಿಸಿರಲಿಲ್ಲ.

ಮೊಬೈಲಿನಲ್ಲಿ ಅಷ್ಟರಲ್ಲಿ ಊರಿಗೆ ಕರೆಂಟು ಬಂದಿತ್ತು.