ಕೋಡಿಗೆ ಚೀಲ ಇಟ್ಟ ಅಪ್ಪ

ಮಳೆ ಬಂತೆಂದರೆ ನಮ್ಮ ಅಡುಗೆಮನೆ ಖಾಲಿಯಾಗುತ್ತದೆ. ಕಳ್ಳರು ಬಂದರೇನೋ ಅಂದುಕೊಳ್ಳಬೇಡಿ. ಪಾತ್ರೆಗಳನ್ನೆಲ್ಲ ಎತ್ತಿಕೊಂಡು ಹೋಗಿ ಸೂರಿನಡಿ ಸಾಲಾಗಿ ಇಡುವವರು ನಮ್ಮತ್ತೆ. ಬಿಂದಿಗೆ, ಬಕೆಟ್ಟು, ಇಡ್ಲಿ ಪಾತ್ರೆ, ಹಳೆಯ ಹಾಲಿನ ಕ್ಯಾನು, ಕೊನೆಗೆ ಕುಕ್ಕರಿನ ಮುಚ್ಚಳವನ್ನೂ ಬಿಡುವುದಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಈ ಲೈನ್ ಮನೆಗಳಲ್ಲಿ ನಲ್ಲಿಗೆ ನೀರು ಯಾವತ್ತು ಬರುತ್ತದೆಂದು ಹೇಳುವ ಜ್ಯೋತಿಷಿ ಇನ್ನೂ ಹುಟ್ಟಿಲ್ಲ. ಹೀಗಿರುವಾಗ ಆಕಾಶದಿಂದ ಬಿಟ್ಟಿ ಬೀಳುವ ನೀರನ್ನು ಮೋರಿಗೆ ಹೋಗಲು ಬಿಡುವುದು ಅತ್ತೆಯ ಪ್ರಕಾರ ಮಹಾಪಾಪ.

ಇವತ್ತು ಬೆಳಿಗ್ಗೆಯೂ ಅದೇ ಕತೆ. ನಮ್ಮ ಮನೆಯವರು ಬಂಗಾರಪೇಟೆಯಿಂದ ಫೋನು ಮಾಡಿ, ರೈಲ್ವೆ ಅಂಡರ್‌ಪಾಸಿನಲ್ಲಿ ಸೊಂಟದವರೆಗೆ ನೀರು ನಿಂತಿದೆ, ರೈಲು ತಪ್ಪಿತು, ಹೋಟೆಲಿನಲ್ಲಿ ಟೀ ಕುಡಿಯುತ್ತಾ ಕೂತಿದ್ದೇನೆ ಎಂದರು. ದನಿಯಲ್ಲಿ ದುಃಖವೇನೂ ಕಾಣಲಿಲ್ಲ. ಇತ್ತ ನಾನು ಉಪ್ಪಿಟ್ಟಿಗೆ ಬಾಣಲೆಯಿಲ್ಲದೆ ಕೂತಿದ್ದೆ. ಹೊರಗೆ ಇಡ್ಲಿ ಪಾತ್ರೆಯ ಮೇಲೆ ಟಣಟಣ ಎಂದು ಹನಿ ಬೀಳುತ್ತಿತ್ತು. ಆ ಸದ್ದಿಗೆ ನನಗೆ ಹೂ ಮುಡಿಸಿದ ದಿನ ನೆನಪಾಯಿತು.

ನನ್ನ ತವರು ಕಾಮಸಮುದ್ರದ ಹತ್ತಿರದ ಒಂದು ಹಳ್ಳಿ. ಊರಿಗೊಂದು ದೊಡ್ಡ ಕೆರೆ. ದೊಡ್ಡದೆಂದು ನಮಗೆ ಗೊತ್ತಾಗುತ್ತಿದ್ದದ್ದು ಹುಡುಗರು ಅದರೊಳಗೆ ಎರಡು ಕಡೆ ಕ್ರಿಕೆಟ್ ಆಡುತ್ತಿದ್ದುದರಿಂದ. ನಮ್ಮ ಕಡೆ ಮಳೆ ಬರಬೇಕೆಂದರೆ ಮದರಾಸಿಗೆ ಚಂಡಮಾರುತ ಬಡಿಯಬೇಕು. ಅಲ್ಲಿಯ ಜನ ಪಾಪ ಮೊಣಕಾಲು ನೀರಿನಲ್ಲಿ ನಿಂತಿರುವುದನ್ನು ಟಿ.ವಿ.ಯಲ್ಲಿ ತೋರಿಸಿದರೆ, ಇಲ್ಲಿ ನಮ್ಮಪ್ಪ ಅಯ್ಯೋ ಅನ್ನುತ್ತಲೇ ಮೆಲ್ಲಗೆ ಎದ್ದು ಹೋಗಿ ಆಕಾಶ ನೋಡಿ ಬರುತ್ತಿದ್ದ. ಆ ವರ್ಷ ಹಾಗೆ ಬಡಿದ ಚಂಡಮಾರುತ ನಮ್ಮ ಕೆರೆಯನ್ನು ತುಂಬಿಸಿಯೇ ಬಿಟ್ಟಿತು. ನಾನು ಹುಟ್ಟಿದ ಮೇಲೆ ಅದು ತುಂಬಿದ್ದು ಅದೇ ಮೊದಲು.

ತುಂಬಿದ ಕೆರೆಯಿಂದ ಹೆಚ್ಚಿನ ನೀರು ಹೊರಗೆ ಹೋಗಲೆಂದು ಒಂದು ಕಡೆ ಕಲ್ಲುಗೋಡೆಯನ್ನು ತಗ್ಗಾಗಿ ಕಟ್ಟಿರುತ್ತಾರಲ್ಲ, ಅದೇ ಕೋಡಿ. ಕೋಡಿ ಬಿದ್ದ ದಿನ ಊರಿಗೆ ಊರೇ ತಮಟೆ ಬಡಿದುಕೊಂಡು ಹೋಗಿ, ತಂಬಿಟ್ಟಿನ ದೀಪ ಹಚ್ಚಿ ಗಂಗಮ್ಮನಿಗೆ ಕೈಮುಗಿಯಿತು. ಕೈಮುಗಿದು ತಲೆ ಎತ್ತಿದರೆ ನೀರು ಸೀದಾ ಪಕ್ಕದೂರಿನ ಕೆರೆಗೆ ಹೋಗುತ್ತಿದೆ. ಇದನ್ನು ಸಹಿಸುವುದುಂಟೆ? ಎಲ್ಲರೂ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಕೋಡಿಯ ಮೇಲೆ ಸಾಲಾಗಿ ಪೇರಿಸಿದರು. ಮುಂದಾಳು ನಮ್ಮಪ್ಪ. ಗಂಗಮ್ಮನಿಗೆ ಆರತಿ ಎತ್ತಿ, ಅವಳು ಹೋಗುವ ದಾರಿಗೇ ಅಡ್ಡ ಹಾಕಿದ ಪುಣ್ಯಾತ್ಮರು ಇವರು. ಮುಂದೆ ಹೋಗಲಾರದ ನೀರು ಹಿಂದಕ್ಕೆ ಹರಡುತ್ತದೆ, ಹಿಂದೆ ಊರಿಗೆ ಬರುವ ಒಂದೇ ಒಂದು ರಸ್ತೆ ಇದೆ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ನೀರೇ ನೋಡದವರಿಗೆ ನೀರಿನ ಬುದ್ಧಿ ಹೇಗೆ ಗೊತ್ತಾಗಬೇಕು ಹೇಳಿ.

ಮರುದಿನವೇ ನನಗೆ ಹೂ ಮುಡಿಸುವ ಶಾಸ್ತ್ರ. ಗಂಡು ನಾನೇ ಆರಿಸಿಕೊಂಡದ್ದು. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ದಿನಾ ಕರ್ಚೀಫು ಹಾಸಿ ನನಗೆ ಸೀಟು ಹಿಡಿಯುತ್ತಿದ್ದವರು. ಆ ರೈಲಿನಲ್ಲಿ ಸೀಟು ಬಿಟ್ಟುಕೊಡುವವನು ಪ್ರಾಣವನ್ನೇ ಕೊಟ್ಟಾನು ಎಂದು ನಾನು ಒಪ್ಪಿದೆ. ಅಪ್ಪ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಹುಡುಗ ಒಳ್ಳೆಯವನೇ, ಮನೆತನವೂ ಸರಿ, ಆದರೆ ಕೆಜಿಎಫ್‌ನಲ್ಲಿ ನೀರಿಲ್ಲ, ನನ್ನ ಮಗಳು ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಬೇಕಾ ಎಂಬುದು ಅವನ ತಕರಾರು. ಅಂತೂ ಇಂತೂ ಒಪ್ಪಿಸಿದ್ದಾಯಿತು. ಶಾಸ್ತ್ರದ ಮಾರನೇ ದಿನವೇ ಶೂನ್ಯಮಾಸ ಶುರು. ಆ ದಿನ ತಪ್ಪಿದರೆ ಸಂಕ್ರಾಂತಿ ಕಳೆಯಬೇಕು. ಅಷ್ಟರೊಳಗೆ ಹುಡುಗನ ಸೋದರಮಾವ ತನ್ನ ಕಡೆಯ ಹೆಣ್ಣೊಂದನ್ನು ತಂದು ಕೂರಿಸುವುದು ಗ್ಯಾರಂಟಿ ಎಂದು ಇವರೇ ನನ್ನನ್ನು ಮೊದಲೇ ಎಚ್ಚರಿಸಿದ್ದರು.

ಬೆಳಿಗ್ಗೆ ಗಂಡಿನ ಕಡೆಯವರ ಟೆಂಪೋ ಬಂತು. ಬಂದು ಆ ಕಡೆ ದಡದಲ್ಲಿ ನಿಂತಿತು. ಈ ಕಡೆ ನಾವು. ನಡುವೆ ರಸ್ತೆಯಿದ್ದ ಜಾಗದಲ್ಲಿ ಕೆರೆ. ನಾನು ರೇಷ್ಮೆ ಸೀರೆ ಉಟ್ಟು, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದೆ. ಮದುವಣಗಿತ್ತಿ ಅನ್ನುವುದಕ್ಕಿಂತ ಈರುಳ್ಳಿ ಮೂಟೆ ಅನ್ನಬಹುದಿತ್ತು. ಆ ಕಡೆಯಿಂದ ಸೋದರಮಾವ ಶಕುನ ಸರಿಯಿಲ್ಲ, ಗಾಡಿ ತಿರುಗಿಸಿ ಎನ್ನುವುದು ನೀರಿನ ಮೇಲೆ ತೇಲಿ ಬಂದು ನಮಗೂ ಕೇಳಿಸಿತು.

ಕೋಡಿ ಅಲ್ಲೇ ಕೂಗಳತೆಯಲ್ಲಿತ್ತು. ಚೀಲ ತೆಗೆದರೆ ಮಧ್ಯಾಹ್ನದ ಹೊತ್ತಿಗೆ ರಸ್ತೆ ಕಾಣುತ್ತದೆ ಎಂದು ಯಾರೋ ಅಂದರು. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ನನ್ನನ್ನು ನೋಡಿದ. ಕೆರೆಯನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಮತ್ತೆ ಕೆರೆಯನ್ನು ನೋಡಿದ.

"ಅಪ್ಪಾ, ಏನ್ ಯೋಚ್ನೆ ಮಾಡ್ತಿದೀಯಾ?" ಎಂದೆ.

"ಇರಮ್ಮ, ಅರ್ಧ ಚೀಲ ತೆಗುದ್ರೆ ಸಾಕಾಗ್ತದಾ ಅಂತ ನೋಡ್ತಿದೀನಿ" ಎಂದ.

ನನಗೆ ಅಳು ಬಂತು. ಆಮೇಲೆ ಅಪ್ಪ ಗುದ್ದಲಿ ಹೆಗಲಿಗೇರಿಸಿ ಕೋಡಿಯ ಕಡೆ ಹೊರಟ. ಚೀಲ ತೆಗೆಯುವುದಕ್ಕೇ ಹೊರಟಿದ್ದೆ ಎಂದು ಇವತ್ತಿಗೂ ಆಣೆ ಮಾಡುತ್ತಾನೆ. ಚೀಲ ತೆಗೆಯಲು ಗುದ್ದಲಿ ಯಾಕೆ, ಕೈ ಸಾಲದೇ, ಇನ್ನಷ್ಟು ಮಣ್ಣು ಹಾಕಲು ಹೊರಟಿದ್ದೆ ನೀನು ಎಂದು ನಾನೂ ಇವತ್ತಿಗೂ ಬಿಟ್ಟಿಲ್ಲ. ಅದು ಇತ್ಯರ್ಥವಾಗಲೇ ಇಲ್ಲ, ಏಕೆಂದರೆ ಅಷ್ಟರಲ್ಲಿ ಆ ದಡದಿಂದ ಒಬ್ಬ ಹೆಂಗಸಿನ ದನಿ ಬಂತು.

"ಅಣ್ಣಾ, ಚೀಲ ಮುಟ್ಬ್ಯಾಡ. ಓದ್ ನೀರು ಮತ್ತೆ ಬರಲ್ಲ. ಟ್ರಾಕ್ಟ್ರು ಕಳ್ಸು, ನಾವೇ ಬತ್ತೀವಿ."

ನಮ್ಮತ್ತೆಯ ದನಿ ನಾನು ಮೊದಲು ಕೇಳಿದ್ದು ಹಾಗೆ. ಅತ್ತೆ ಬೈಯುವುದು ತಮಿಳಿನಲ್ಲಿ, ದೇವರ ಹತ್ತಿರ ಬೇಡುವುದು ತೆಲುಗಿನಲ್ಲಿ, ಉಳಿದ ವ್ಯವಹಾರ ಕನ್ನಡದಲ್ಲಿ. ನಮ್ಮ ಚಿಕ್ಕಪ್ಪನ ಮಗ ನಾಗರಾಜ ಟ್ರಾಕ್ಟರು ತೆಗೆದುಕೊಂಡು ಹೋದಾಗ ಅತ್ತೆ ಸೋದರಮಾವನಿಗೆ ತಮಿಳು, ಗಂಗಮ್ಮನಿಗೆ ತೆಲುಗು ಒಪ್ಪಿಸಿ, ಹೂವಿನ ತಟ್ಟೆ ತಲೆಯ ಮೇಲಿಟ್ಟುಕೊಂಡು ಟ್ರೈಲರ್ ಹತ್ತಿದರು. ಹಿಂದೆ ಮಗ ಹತ್ತಿದ. ಸೋದರಮಾವ ಟೆಂಪೋ ಕಾಯಲು ಉಳಿದ.

ನಟ್ಟನಡುವೆ ಟ್ರಾಕ್ಟರು ಕೆಮ್ಮಿ ನಿಂತಿತು. ರಸ್ತೆಯ ಅಂಚು ಕುಸಿದು ಟ್ರೈಲರಿನ ಒಂದು ಚಕ್ರ ಇಳಿಯಿತು, ಇಡೀ ಟ್ರೈಲರು ಓರೆಯಾಯಿತು. ದಯವಿಟ್ಟು ನೀವು ಯಾರೂ ನೀರು ನಿಂತ ರಸ್ತೆಗೆ ಗಾಡಿ ಇಳಿಸಬೇಡಿ. ನಾನು ಮದುವೆಯಾಗಬೇಕಾದವರು ಟ್ರೈಲರಿನ ಕಂಬಿ ತಬ್ಬಿಕೊಂಡು ಕಣ್ಣು ಮುಚ್ಚಿದ್ದರು. ಅವರಮ್ಮ ಮಾತ್ರ ಬಗ್ಗಿ, ಬೊಗಸೆಯಲ್ಲಿ ನೀರು ಮೊಗೆದು ಮುಖ ತೊಳೆದುಕೊಳ್ಳುತ್ತಿದ್ದರು.

ಊರಿನವರು ದನ ಕಟ್ಟುವ ಹಗ್ಗಗಳನ್ನೆಲ್ಲ ಗಂಟು ಹಾಕಿ, ಎಸೆದು, ಜಗ್ಗಿ ಜಗ್ಗಿ ಟ್ರಾಕ್ಟರು ಸಮೇತ ಅವರನ್ನು ದಡಕ್ಕೆ ತಂದರು. ಹಗ್ಗದ ತುದಿಯಲ್ಲಿ ಅಪ್ಪನಿದ್ದ. ಗುದ್ದಲಿ ಎಲ್ಲಿ ಎಸೆದು ಓಡಿ ಬಂದನೋ ತಿಳಿಯದು. ಅತ್ತೆ ಇಳಿದವರೇ ನನ್ನ ತಲೆಯ ಗೋಣಿಚೀಲ ತೆಗೆದು, ಒದ್ದೆ ಕೈಯಲ್ಲಿ ಹೂ ಮುಡಿಸಿದರು. ತಾಂಬೂಲ ತೆಗೆದುಕೊಂಡು ಹಿಂತಿರುಗುವಾಗ, ಬೇರೆ ಏನಾದರೂ ಬೇಕಾ ಎಂದು ಅಪ್ಪ ಕೇಳಿದ್ದಕ್ಕೆ, ಒಂದು ಹಾಲಿನ ಕ್ಯಾನು ತುಂಬ ಕೆರೆನೀರು ಕೇಳಿ ಪಡೆದರು. ಆ ಕ್ಯಾನು ಇನ್ನೂ ವಾಪಸ್ಸು ಹೋಗಿಲ್ಲ.

ನಾನು ಹೀಗೆ ನೆನೆಯುತ್ತಾ ಕೂತಿರುವಾಗ ಮತ್ತೆ ಫೋನು ಬಂತು. ಅಪ್ಪ.

"ಅಮ್ಮಯ್ಯ, ಕೆರೆ ಕೋಡಿ ಬಿತ್ತು."

"ಚೀಲ ಇಟ್ಟಿದ್ದಾಯ್ತಾ?" ಎಂದೆ, ಕುಟುಕಿಯೇ.

"ಇಲ್ಲ ಕಣಮ್ಮ. ಊರವ್ರು ಇಡಾನ ಅಂದ್ರು, ನಾನೇ ಬ್ಯಾಡ ಅಂದೆ. ನೀನ್ ಬರಾಕೆ ದಾರಿ ಬೇಕಲ್ಲ."

ಎಷ್ಟೋ ವರ್ಷದಿಂದ ಅಪ್ಪನನ್ನು ಆಡಿಕೊಂಡು ನಕ್ಕಿದ್ದೆ. ಆ ನಗುವಿನ ಅಡಿಯಲ್ಲಿ ನಾನು ಇನ್ನೂ ಆ ದಡದಲ್ಲೇ ನಿಂತು, ಇವನು ಯಾರನ್ನು ನೋಡುತ್ತಾನೆ ಎಂದು ಕಾಯುತ್ತಿದ್ದೆ ಅನ್ನುವುದು ಆಗ ಗೊತ್ತಾಯಿತು. ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡು, ಬೀಗರಿಗೆ ಬುದ್ಧಿಯಿದೆಯೇ, ಅಷ್ಟು ನೀರನ್ನು ಪಕ್ಕದೂರಿಗೆ ಬಿಟ್ಟಿರಾ ಎಂದು ಕನ್ನಡದಲ್ಲಿ ಶುರುಮಾಡಿ ತಮಿಳಿಗೆ ಇಳಿದರು. ನಾನು ಫೋನು ವಾಪಸ್ಸು ಪಡೆದು, "ಅಪ್ಪಾ, ಅವ್ರ ಮಾತು ಕೇಳ್ಬ್ಯಾಡ. ಬತ್ತಿದೀನಿ" ಎಂದೆ.

ಸೀರೆ ಬದಲಾಯಿಸಿ, ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಹೇಗೂ ಹೋಗುತ್ತಿದ್ದೇನೆ, ಈ ಸಲವಾದರೂ ಅಪ್ಪನ ಹಾಲಿನ ಕ್ಯಾನು ಕೊಟ್ಟು ಬರೋಣವೆಂದು ಸೂರಿನಡಿಯಿಂದ ಎತ್ತಿದೆ. ಕ್ಯಾನು ಬಾಯಿತನಕ ತುಂಬಿತ್ತು. ಸುರಿದುಕೊಳ್ಳಲು ಮನೆಯಲ್ಲಿ ಖಾಲಿ ಪಾತ್ರೆ ಒಂದೂ ಇರಲಿಲ್ಲ. ಚೆಲ್ಲಬೇಕು, ಅಷ್ಟೇ. ಬೀದಿಯ ತುದಿಯಲ್ಲಿ ಕಾಮಸಮುದ್ರದ ಬಸ್ಸು ಹಾರನ್ ಹೊಡೆಯುತ್ತಿತ್ತು. ನಾನು ಬಸ್ಸನ್ನು ನೋಡಿದೆ. ಕ್ಯಾನನ್ನು ನೋಡಿದೆ. ಮತ್ತೆ ಬಸ್ಸನ್ನು ನೋಡಿದೆ. ಮತ್ತೆ ಕ್ಯಾನನ್ನು ನೋಡಿದೆ.